ಮೂರೂರು ಹೇಳಿದ ‘ಬಂತು’

ಶರಣರೇ, ತಾಯಂದಿರೇ,

ಕಳೆದ ಸೋಮವಾರ ಬೆಳಿಗ್ಗೆ ಪೂಜೆ ಮುಗಿಸಿ ಏಳುವ ಹೊತ್ತಿಗೆ ಬೈಲಹೊಂಗಲದಿಂದ ಫೋನು ಬಂತು. ನನ್ನ ತಂಗಿಯ ಮಗ. “ಮಾಮಾ, ಅವ್ವ ಹ್ವಾದ್ಲು” ಎಂದ. ಅಷ್ಟೇ ಎಂದ. ನನ್ನ ತಂಗಿ ನೀಲಗಂಗಾ ನನಗಿಂತ ಆರು ವರ್ಷ ಚಿಕ್ಕವಳು. ಮೊದಲು ಹೋಗಬೇಕಾದವನು ನಾನು. ಅವಳು ಸರದಿ ತಪ್ಪಿಸಿದಳು. ಅದಕ್ಕೇ ಮೂರು ದಿನ ನಾನು ಇಲ್ಲಿ ಪ್ರವಚನಕ್ಕೆ ಬಂದು ಕೂರಲಿಲ್ಲ. ಇವತ್ತೂ ದೊಡ್ಡ ವಿಷಯ ಹೇಳುವ ಶಕ್ತಿ ನನ್ನಲ್ಲಿಲ್ಲ. ಸಣ್ಣದರ ಬಗ್ಗೆ ಒಂದು ಸಣ್ಣ ಕಥೆ ಹೇಳುತ್ತೇನೆ, ಕೇಳಿ.

ಒಂದೂರಲ್ಲಿ ಒಬ್ಬ ಸಾಹುಕಾರ ಇದ್ದ. ಮೂರು ಊರುಗಳಲ್ಲಿ ಅವನ ಬಟ್ಟೆ ಅಂಗಡಿಗಳಿದ್ದವು. ಮೂರೂ ಕಡೆ ಒಂದೊಂದು ಕಂಪ್ಯೂಟರ್ ಇಡಿಸಿ, ಮೂರನ್ನೂ ಒಂದಕ್ಕೊಂದು ಜೋಡಿಸಿದ್ದ. ಯಾವ ಫೈಲನ್ನು ಇಟ್ಟರೂ ಮೂರೂರಿನಲ್ಲಿ ಅದರ ಪ್ರತಿ ಉಳಿಯಬೇಕು. ಒಂದೂರಿನ ಯಂತ್ರ ಸುಟ್ಟುಹೋದರೂ ಉಳಿದೆರಡು ಊರಲ್ಲಿ ಅದು ಸಿಗಬೇಕು. ಎಂಥ ಎಚ್ಚರ ನೋಡಿ! ಅಂಥವನ ಹೆಂಡತಿ ಒಂದು ದಿನ ತೀರಿಕೊಂಡಳು. ಅವಳ ಪ್ರತಿ ಯಾವ ಊರಲ್ಲಿತ್ತು? ಹೇಳಿ.

ಉಳಿದದ್ದು ಅವಳ ದನಿ ಮಾತ್ರ. ಅಂಗಡಿಯಲ್ಲಿ ಕೂತ ಗಂಡನಿಗೆ ಅವಳು ದಿನಾ ಫೋನಿನಲ್ಲಿ ಮಾತು ರೆಕಾರ್ಡ್ ಮಾಡಿ ಕಳಿಸುತ್ತಿದ್ದಳು. ಹೆಚ್ಚಿನವು ಮೂರೋ ನಾಲ್ಕೋ ಸೆಕೆಂಡು. “ಉಂಡ್ರಿಲ್ರೀ?” “ಗುಳಿಗಿ ತಗೊಂಡ್ರಿ?” ಹೀಗೆ ನಾಲ್ಕು ಸಾವಿರ ಮಾತು. ಸಾಹುಕಾರ ಕೇಳಿದ್ದು ಕೆಲವನ್ನು. ಆಮೇಲೆ ಕೇಳಿದರಾಯಿತು ಎಂದು ಬಿಟ್ಟದ್ದೇ ಹೆಚ್ಚು. ಈಗ ಫೋನು ಹಳತಾಗಿ, ಆಗಾಗ ತಾನಾಗಿಯೇ ಆರಿಹೋಗುತ್ತಿತ್ತು. ಅದು ಪೂರ್ತಿ ಆರಿದರೆ ದನಿಯೂ ಹೋಯಿತು. ಹೆದರಿದ ಸಾಹುಕಾರ ಯಂತ್ರ ನೋಡಿಕೊಳ್ಳುವ ಹೆಣ್ಣುಮಗಳನ್ನು ಕರೆಸಿದ.

“ತಂಗೀ, ಅಕಿ ದನಿ ಮೂರೂ ಊರಾಗ ಇಡು” ಎಂದ.

ಆಕೆ ಮೊದಲು ಅದೇ ಫೋನಿನಲ್ಲಿದ್ದ, ಸಾಹುಕಾರನ ಮಗಳ ಮದುವೆಯ ಮೂರು ತಾಸಿನ ವಿಡಿಯೋ ಚಿತ್ರ ಕಳಿಸಿದಳು. ಚಹಾ ಕುಡಿದು ಮುಗಿಸುವಷ್ಟರಲ್ಲಿ ಮೂರೂರಿಗೂ ಮುಟ್ಟಿತು. ಆಮೇಲೆ ಆ ಸಣ್ಣ ಮಾತುಗಳನ್ನು ಹಚ್ಚಿದಳು. ಮಧ್ಯಾಹ್ನದ ಊಟದ ಹೊತ್ತಾದರೂ ಹೋದದ್ದು ನಾನೂರು. ಸಾಹುಕಾರನಿಗೆ ಸಿಟ್ಟು ಬಂತು.

“ಏನವಾ, ಮೂರ ತಾಸಿನ ಸಿನಿಮಾ ಗಪ್ಪನ ಹೋತು. ಮೂರ ಸೆಕೆಂಡಿಂದು ತೆವಳಾಕತ್ತೈತಲ್ಲ! ನಿನ್ನ ಯಂತ್ರಕ್ಕ ಮಂಡಿನೋವ ಏನು?”

“ಮಂಡಿನೋವಲ್ರೀ ಸಾವ್ಕಾರ್ರ” ಎಂದು ಆಕೆ ನಕ್ಕಳು. “ಸಣ್ಣದಿರ್ಲಿ ದೊಡ್ಡದಿರ್ಲಿ, ಒಂದ ಫೈಲ್ ಇಡಬೇಕಂದ್ರ ಮೂರೂ ಊರಿಗಿ ಹೋಗಿ ಕೇಳಬೇಕ್ರಿ. ಈ ಹೆಸರಿಂದು ನಿಮ್ಮಲ್ಲಿ ಐತೇನು ಅಂತ. ಇಲ್ಲಂದ್ರ ಇಡಬೇಕು. ಆಮ್ಯಾಲೆ ಮೂರೂ ಊರು ‘ಬಂತು’ ಅನಬೇಕು. ಅಲ್ಲೀತನಕಾ ಅದು ಇಟ್ಟಂಗಲ್ರಿ. ಸಿನಿಮಾಕ್ಕ ಈ ತಿರುಗಾಟ ಒಂದ ಸಲ. ಇವಕ್ಕ ನಾಲ್ಕ ಸಾವಿರ ಸಲ.”

“ಬ್ಯಾರೆ ದಾರಿ ಇಲ್ಲೇನು?”

“ಐತ್ರಿ. ಎಲ್ಲಾ ಕೂಡಿಸಿ ಒಂದ ಗಂಟ ಕಟ್ಟತೀನಿ. ಒಂದ ಫೈಲ್ ಆಕ್ಕೈತಿ. ಸಿನಿಮಾದಂಗ ಹೋಗಿಬಿಡತೈತಿ.”

“ಮತ್ತ ಕಟ್ಟವಾ, ಮೊದ್ಲ ಹೇಳಾಕೇನಾಗಿತ್ತು?”

ಗಂಟು ಕಟ್ಟುವ ಮುಂಚೆ ಮಾತುಗಳು ಸರಿಯಾಗಿವೆಯೇ ಎಂದು ನೋಡಲು ಆಕೆ ಯಾವುದೋ ಒಂದನ್ನು ಒತ್ತಿದಳು. ಅದರ ಪಕ್ಕದಲ್ಲಿ, ಇನ್ನೂ ಕೇಳಿಲ್ಲ ಎನ್ನುವ ಹಸಿರು ಗುರುತು ಇತ್ತು.

“ಏನ್ರೀ, ಛತ್ರಿ ಬಾಗಲದಾಗ ಬಿಟ್ಟ ಹೋಗೀರಿ. ತೊಯ್ಸಿಕೋಬ್ಯಾಡ್ರಿ, ಅಂಗಡ್ಯಾಗ ಕುಂದರ್ರಿ. ನಾನ ತರ್ತೀನಿ.”

ಸಾಹುಕಾರ ಅದನ್ನು ಇನ್ನೊಮ್ಮೆ ಹಚ್ಚಿಸಿ ಕೇಳಿದ. ಅವನಿಗೆ ಆ ದಿನ ನೆನಪಿತ್ತು. ಅಂದು ಅವನು ಯಾರದೋ ಕಾರಿನಲ್ಲಿ ಮನೆಗೆ ಹೋಗಿದ್ದ. ಮನೆಯಲ್ಲಿ ಹೆಂಡತಿ ಇರಲಿಲ್ಲ. ಅರ್ಧ ತಾಸಿನ ಮೇಲೆ, ಸೀರೆಯೆಲ್ಲ ತೊಯ್ದು, ಕೈಯಲ್ಲಿ ಅವನ ಛತ್ರಿ ಮಡಚಿ ಹಿಡಿದು ಬಂದಳು. “ಇಂಥಾ ಮಳ್ಯಾಗ ಎಲ್ಲಿಗಿ ತಿರುಗಾಕ ಹೋಗಿದ್ದಿ?” ಎಂದು ಅವನು ಗದರಿದ್ದ. ಅವಳು ಛತ್ರಿಯನ್ನು ಮೂಲೆಗಿಟ್ಟು ಒಲೆಯ ಮುಂದೆ ಹೋಗಿದ್ದಳು. ಅವಳು ಹೋಗಿದ್ದು ತನ್ನ ಅಂಗಡಿಗೇ ಎಂದು ಅವನಿಗೆ ಈಗ ತಿಳಿಯಿತು.

“ಗಂಟ ಬ್ಯಾಡ ತಂಗಿ” ಎಂದ ಸಾಹುಕಾರ.

“ಎಲ್ಲಾ ಹೋಗಾಕ ಇನ್ನೆರಡ ದಿನ ಬೇಕಾಕ್ಕೈತ್ರಿ.”

“ಬೇಕಾಗ್ಲಿ. ಒಂದೊಂದ ಹೋಗೂಮುಂದ ಒಂದೊಂದ ಕೇಳತೀನಿ.”

ಕುರ್ಚಿ ಎಳೆದುಕೊಂಡು ಕೂತ. ಒಂದು ಮಾತು ಕೇಳುತ್ತಿತ್ತು. ಅದು ಮೂರೂರಿಗೆ ಹೋಗುತ್ತಿತ್ತು. ಪರದೆಯ ಮೇಲೆ ಮೂರೂರಿನ ಉತ್ತರ ಬೀಳುತ್ತಿತ್ತು: ಬಂತು, ಬಂತು, ಬಂತು. ಆಮೇಲೆ ಇನ್ನೊಂದು ಮಾತು. ಅಂಗಡಿಗೆ ಹೋಗಲಿಲ್ಲ. ಕರೆಯಲು ಬಂದವರನ್ನು ಕೈಸನ್ನೆಯಲ್ಲೇ ಕಳಿಸಿದ. ಮೂರನೆಯ ದಿನ ಮಧ್ಯಾಹ್ನ ಕೊನೆಯದು ಹೋಯಿತು. ಆ ಹೆಣ್ಣುಮಗಳು ತನ್ನ ಸಾಮಾನು ಕಟ್ಟಿಕೊಳ್ಳುವಾಗ ಅವನು ಹೇಳಿದ:

“ತಂಗೀ, ಯಂತ್ರ ತೆವಳತೈತಿ ಅಂತ ಬೈದೆ. ಅಕಿ ಒಂದೊಂದ ಮಾತಿಗೂ ಅದು ಮೂರ ಸಲ ‘ಬಂತು’ ಅಂತು. ನಾ ಒಂದ ಸಲನೂ ಅನಲಿಲ್ಲ.”

ಕಥೆ ಇಷ್ಟೇ. ಸಾಹುಕಾರ ಯಾರು? ಬೇರೆ ಊರವನೇ? ನೋಡಿ, ನಾವೆಲ್ಲ ಗಂಟು ಕಟ್ಟುವವರು. ವರ್ಷವಿಡೀ ಆಡದ ಮಾತನ್ನು ಗಂಟು ಕಟ್ಟಿ ದೀಪಾವಳಿಗೆ ಒಂದು ಸೀರೆಯಾಗಿ ಕೊಡುತ್ತೇವೆ. ದೊಡ್ಡದು ಬೇಗ ಮುಗಿಯುತ್ತದೆ, ಅದಕ್ಕೇ ನಮಗೆ ದೊಡ್ಡದು ಸುಲಭ. ಸಣ್ಣದಕ್ಕೆ ಪ್ರತಿ ಸಲ ಎದ್ದು ಬಾಗಿಲಿಗೆ ಹೋಗಬೇಕು. ಆ ತಿರುಗಾಟ ನಮಗೆ ಬೇಡ.

ನನ್ನ ತಂಗಿ ಈ ಪ್ರವಚನವನ್ನು ದಿನಾ ಫೋನಿನಲ್ಲಿ ಕೇಳುತ್ತಿದ್ದಳು. ಕೇಳಿದ ಮೇಲೆ ನನಗೊಂದು ಮಾತು ಕಳಿಸುತ್ತಿದ್ದಳು. ನಿಮಗೆಲ್ಲ ಪ್ರೀತಿಯ ಬಗ್ಗೆ ಹೇಳಿ ದಣಿದು ಬಂದ ನಾನು ಅದನ್ನು ತೆರೆಯುತ್ತಿರಲಿಲ್ಲ. ಸೋಮವಾರ ಕೊನೆಯದನ್ನು ತೆರೆದೆ. “ಅಣ್ಣಾ, ಇವತ್ತ ನಿನ್ನ ದನಿ ಕುಂತಿತ್ತು. ಬಿಸಿನೀರಾಗ ಉಪ್ಪ ಹಾಕಿ ಮುಕ್ಕಳಿಸು. ಮುಕ್ಕಳಿಸಿದ ಮ್ಯಾಲೆ ಹೇಳು.” ಹೇಳು ಎಂದಿದ್ದಳು. ಮುಕ್ಕಳಿಸಿದೆ. ಯಾರಿಗೆ ಹೇಳಲಿ?

ಇವತ್ತು ಇಲ್ಲಿಂದ ಎದ್ದು ಹೋಗಿ ದಾನ ಮಾಡಿ, ವ್ರತ ಹಿಡಿಯಿರಿ ಎಂದು ನಾನು ಹೇಳುವುದಿಲ್ಲ. ಮನೆಯಿಂದ “ಉಂಡ್ರಿ?” ಎಂಬ ಮಾತು ಬಂದರೆ, ಉಂಡೆ ಎನ್ನಿ. ಅಡುಗೆಮನೆಯಿಂದ ಕರೆದರೆ ಓಗೊಡಿ. ನಾಳೆಯ ಗಂಟಿಗೆ ಸೇರಿಸಬೇಡಿ. ಬಂದ ಮಾತಿಗೆ ಬಂದ ದಿನವೇ ‘ಬಂತು’ ಎನ್ನಿ.

ಈಗ ಎಲ್ಲರೂ ಕಣ್ಣು ಮುಚ್ಚಿ. ಶಿವನೇ, ನನ್ನ ನೀಲಾ ನಿನ್ನ ಬಾಗಿಲಿಗೆ ಬಂದಿದ್ದಾಳೆ. ಅವಳ ಮಾತು ಸಣ್ಣದು, ದನಿಯೂ ಮೆಲ್ಲನೆಯದು. ಕಾಯಿಸಬೇಡ. ಅವಳು ಕರೆದ ಮೊದಲ ಕರೆಗೇ ಓಗೊಡು. ಅವಳಿಗೆ ನಿನ್ನಲ್ಲಿ ಶಾಂತಿ ಸಿಗಲಿ.