ಗುಬ್ಬಿಗೆ ಬಿಟ್ಟ ಕಿಂಡಿ

ಚಿಕ್ಕೋಡಿ ಬಸ್ ನಿಲ್ದಾಣದ ಬೆಂಚಿನಲ್ಲಿ ಕುಳಿತಿದ್ದ ಸುಗಂಧಾಳಿಗೆ ಪಕ್ಕದವರ ಮಾತು ಬೇಡವೆಂದರೂ ಕೇಳಿಸುತ್ತಿತ್ತು. ಒಬ್ಬ ಮುದುಕ ಗೌಂಡಿ. ಇನ್ನೊಬ್ಬಳು, ಅವನು ಕಟ್ಟಿಕೊಟ್ಟ ಪುಟ್ಟ ಮಣ್ಣಿನ ಮನೆಯಲ್ಲಿರುವ ಹೊಳೆವ್ವ.

"ನಿಮ್ಮವ್ವನ ಮಣ್ಣಿಗೆ ಬರಾಕ ಆಗ್ಲಿಲ್ಲ, ಹೊಳೆವ್ವಾ."

"ಇರ್ಲಿ, ಕಾಕಾ."

"ಗ್ವಾಡ್ಯಾಗ ಗುಬ್ಬಿ ಗೂಡಿಗೆ ಕಿಂಡಿ ಬಿಡಂತ ನನ್ನ ಜೀವಾ ತಿಂದಿದ್ಲು. ಗುಬ್ಬಿ ಬಂದಾವಿಲ್ಲೋ?"

"ಬಂದಿದ್ವು. ಅವ್ವನ ದಿವಸಕ್ಕ ಮಂದಿ ಬರ್ತಾರಂತ ಗ್ವಾಡಿ ಸಾರಿಸಿದೆ. ಅಳಕೋತ ಕಿಂಡಿನೂ ಮೆತ್ತಿಬಿಟ್ಟೆ."

"ಒಳಗ ಮರಿ ಇದ್ವೇನ ಬೇ?"

"ಇದ್ವು. ಮರುದಿನ ತಾಯಿಗುಬ್ಬಿ ಗ್ವಾಡಿ ಕುಕ್ಕೂದು ನೋಡಿ ಒಡದೆ. ಸತ್ತಿದ್ವು."

ಗೌಂಡಿ ತಲೆಯ ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡ.

"ಅವ್ವ ಇದ್ದಿದ್ರ ಬೈತಿದ್ಲು. ನೀನರ ಬೈ, ಕಾಕಾ."

ಅವನು ಬೈಯಲಿಲ್ಲ. ಅವಳೂರು ಭೋಜದ ಬಸ್ ಬಂದಾಗ ಅವಳ ಚೀಲವನ್ನು ತಾನೇ ಹೊತ್ತು, ಹತ್ತಿಸಿಕೊಟ್ಟ.