ಅವನ ಸ್ವಂತ ರಿಸ್ಕು

ಅಧ್ಯಕ್ಷರ ಕುರ್ಚಿಯಲ್ಲಿ ಕೂತಿರುವ ಶ್ರೀ ದಾಸಯ್ಯನವರೇ, ಈ ಶಾಮಿಯಾನ, ಮೈಕು ಮತ್ತು ಮಧ್ಯಾಹ್ನದ ಊಟವನ್ನು ಕೊಡಿಸಿರುವ ಕ್ವಾರಿ ಮಾಲೀಕರಾದ ಶ್ರೀ ನಾಗಾರ್ಜುನ ಅವರೇ, ನನ್ನ ಸಹೋದ್ಯೋಗಿಗಳೇ, ನನ್ನ ಇಂಗ್ಲಿಷಿನಿಂದ ಹೇಗೋ ಪಾರಾದ ಹಳೆಯ ವಿದ್ಯಾರ್ಥಿಗಳೇ, ಊಟದ ವಾಸನೆ ಬರುತ್ತಿದ್ದರೂ ಕೂತೇ ಇರುವ ಸಭಿಕರೇ,

ಈ ಬೀಳ್ಕೊಡುಗೆಯಲ್ಲಿ ನನ್ನನ್ನು ನೀವು ಈಗಷ್ಟೇ ಬಹಳ ಹೊಗಳಿದಿರಿ. ಚಿನಕುರಳಿ ಸುತ್ತಮುತ್ತ ಇಂಗ್ಲಿಷಿನ ದೀಪ ಹಚ್ಚಿದವರು ಎಂದಿರಿ. ಆ ಬೆಳಕಲ್ಲಿ ಯಾರಿಗೆ ಏನು ಕಂಡಿತೋ ಕಾಣೆ. ಮೂವತ್ತೊಂದು ವರ್ಷ ನಾನು ಪಾಠ ಮಾಡಿದ್ದು ಮುಖ್ಯವಾಗಿ ಐದು ಪದಗಳನ್ನು: ಡೇಂಜರ್, ರಿಸ್ಕ್, ಹಜಾರ್ಡ್, ಥ್ರೆಟ್, ಪೆರಿಲ್. ನಮಗೆ ಎಲ್ಲಕ್ಕೂ ಅಪಾಯ ಎಂಬ ಒಂದೇ ಮಾತು ಸಾಕು. ಇಂಗ್ಲಿಷಿನವರಿಗೆ ಸಾಲದು. ಹಾವು ಡೇಂಜರ್, ಹಾವಿರುವ ಹುತ್ತಕ್ಕೆ ಕೈ ಹಾಕುವುದು ರಿಸ್ಕ್ ಎಂದು ಹೇಳಿಕೊಟ್ಟೆ. ಡೇಂಜರ್ ತಾನಾಗಿ ಬರುತ್ತದೆ, ರಿಸ್ಕನ್ನು ನಾವೇ ಹೋಗಿ ತೆಗೆದುಕೊಳ್ಳುತ್ತೇವೆ. ಇಷ್ಟನ್ನು ಹೇಳಲು ನನಗೆ ಪ್ರತಿವರ್ಷ ಎರಡು ಪೀರಿಯಡ್ ಬೇಕಾಗುತ್ತಿತ್ತು.

ಆ ಪೀರಿಯಡ್‌ಗೆ ಒಂದು ಕಾಟವಿತ್ತು. ಶಾಲೆಯ ಪಕ್ಕದ ಕ್ವಾರಿಯಲ್ಲಿ ಬಂಡೆ ಸಿಡಿಸುವ ಮುಂಚೆ ಅಲ್ಲಿನ ಆಳು ಕೆಂಪಣ್ಣ ರಸ್ತೆ ತಿರುವಿನಲ್ಲಿ ಕೆಂಪು ಬಟ್ಟೆ ಹಿಡಿದು ನಿಂತು, "ಕಲ್ಲು ಸಿಡೀತದೆ, ದೂರ ಓಗ್ರಪ್ಪೋ" ಎಂದು ಮೂರು ಸಲ ಕೂಗುತ್ತಿದ್ದ. ಅವನ ಗಂಟಲಿಗೆ ನನ್ನ ತರಗತಿಯ ಹೆಂಚೂ ಅದುರುತ್ತಿತ್ತು. ನಾನು ನಾಗಾರ್ಜುನ ಅವರ ಬಳಿಗೆ ದೂರು ಕೊಂಡೊಯ್ದೆ. ನಾಗರಿಕ ಲೋಕದಲ್ಲಿ ಬೋರ್ಡು ಹಾಕುತ್ತಾರೆ, ಯಾರೂ ಅರಚುವುದಿಲ್ಲ ಎಂದೆ. ಬೋರ್ಡನ್ನೂ ನಾನೇ ಬರೆದುಕೊಟ್ಟೆ, ಶುದ್ಧ ಇಂಗ್ಲಿಷಿನಲ್ಲಿ. ದಾಟಿ ಹೋದವರು ತಮ್ಮ ಓನ್ ರಿಸ್ಕಿನಲ್ಲಿ ಹೋಗತಕ್ಕದ್ದು, ಏನಾದರೂ ಆದರೆ ಹೊಣೆ ಅವರದೇ ಎಂಬುದು ಅದರ ಕೊನೆಯ ಸಾಲು. ಕೆಂಪಣ್ಣನನ್ನು ಕರೆದು ಇನ್ನು ಕೂಗಬೇಡ ಎಂದೂ ನಾನೇ ಹೇಳಿದೆ.

ಊರಿನವರು ಆ ಬೋರ್ಡನ್ನು ಹೇಗೆ ಓದಿಕೊಂಡರು? ಚಿಕ್ಕಬೋರಮ್ಮ ಅದರ ಕಂಬಕ್ಕೆ ಎಮ್ಮೆ ಕಟ್ಟಿದಳು. ಹಗಲೂ ಇರುಳೂ ಅಲ್ಲೇ ನಿಂತಿರುವ ಬೋರ್ಡನ್ನು ಕಂಡು ಯಾರು ಹೆದರುತ್ತಾರೆ? ಅವರ ಮಾತು ಬಿಡಿ. ಹನ್ನೆರಡು ವರ್ಷದ ಹಿಂದೆ ಒಂದು ಭಾನುವಾರ, ಅದೇ ಬೋರ್ಡಿನ ನೆರಳಿನಲ್ಲಿ ಕೂತು ಉತ್ತರ ಪತ್ರಿಕೆ ತಿದ್ದುತ್ತಿದ್ದವನು ಈ ಇಂಗ್ಲಿಷ್ ಮೇಷ್ಟ್ರು. ಒಬ್ಬ ಹುಡುಗ ಡೇಂಜರ್ ಎಂದು ಬರೆಯಬೇಕಾದಲ್ಲಿ ರಿಸ್ಕ್ ಎಂದು ಬರೆದಿದ್ದ. ಅರ್ಧ ಅಂಕ ಕಳೆಯುತ್ತಿದ್ದೆ.

ಬಂಡೆಗೆ ತುಂಬಿದ ಮದ್ದಿನ ಬತ್ತಿಗೆ ಬೆಂಕಿ ಇಟ್ಟಾಗಿತ್ತು. ನನ್ನನ್ನು ಕಂಡ ಕೆಂಪಣ್ಣ ಓಡಿ ಬಂದು, ಕೂಗದೆಯೇ ಕುತ್ತಿಗೆಪಟ್ಟಿ ಹಿಡಿದು ಹಳ್ಳಕ್ಕೆ ಎಳೆದ. ನನ್ನ ಪಂಚೆ ಹರಿಯಿತು. ಅವನ ಮಂಡಿಗೆ ಕಲ್ಲು ಬಿತ್ತು. ಇವತ್ತು ಹಿಂದಿನ ಸಾಲಿನಲ್ಲಿ ಕಾಲು ನೀಡಿಕೊಂಡು ಕೂತಿದ್ದಾನಲ್ಲ, ಅವನೇ.

ವಿಮೆಯವರು ಹೇಳಿಕೆಯನ್ನು ಇಂಗ್ಲಿಷಿನಲ್ಲಿ ಕೇಳಿದರು. ಬರೆಯಲು ಇನ್ಯಾರಿದ್ದರು? ಕೆಂಪಣ್ಣ ಆಸ್ಪತ್ರೆಯ ಮಂಚದ ಮೇಲಿಂದ ಹೇಳಿದ: "ಮೇಷ್ಟ್ರು ಕೂಗ್‌ಬ್ಯಾಡ ಅಂದಿದ್ರು, ಅದ್ಕೆ ಕೂಗ್ನಿಲ್ಲ. ಅವ್ರು ಅಲ್ಲಿ ಕೂತಿದ್ರು, ಅದ್ಕೆ ಓಡೋದೆ." ಅದರಲ್ಲಿ ನನ್ನ ಹೆಸರು ಬರುತ್ತಿತ್ತು. ನನ್ನ ಕೆಲಸ ಹೋದೀತೆಂದು ಭಯವಾಯಿತು. ಎಚ್ಚರಿಕೆ ಕೊಡಲು ಮರೆತು, ಬೋರ್ಡಿದ್ದರೂ ಲೆಕ್ಕಿಸದೆ, ಅಟ್ ಹಿಸ್ ಓನ್ ರಿಸ್ಕ್ ಒಳಗೆ ಓಡಿದ ಎಂದು ಬರೆದೆ. ಅವನು ಹೆಬ್ಬೆಟ್ಟು ಒತ್ತಿದ. ಅವನಿಗೆ ಪರಿಹಾರ ಬರಲಿಲ್ಲ, ಇದ್ದ ಕೆಲಸವೂ ಹೋಯಿತು. ಊರಿನವರು ಅವನನ್ನೇ ಬೇಜವಾಬ್ದಾರಿ ಎಂದರು, ನಾನು ಪಕ್ಕದಲ್ಲೇ ನಿಂತು ಕೇಳಿಸಿಕೊಂಡೆ.

ಅವನ ಮಗಳು ಪ್ರಮೀಳಾ ಆಗ ನನ್ನ ಎಂಟನೇ ತರಗತಿಯಲ್ಲಿದ್ದಳು. ಒಂದು ದಿನ ಎದ್ದು ನಿಂತು, "ಸಾರ್, ಇನ್ನೊಬ್ರನ್ನ ಉಳಿಸಕ್ಕೆ ಓಡೋದ್ನೂವೆ ಓನ್ ರಿಸ್ಕ್ ಅಂತಾರಾ?" ಎಂದು ಕೇಳಿದಳು. ನಾನು ಗುಡ್ ಕ್ವೆಶ್ಚನ್ ಎಂದು ಚಪ್ಪಾಳೆ ತಟ್ಟಿಸಿದೆ. ಆಮೇಲೆ ಹತ್ತು ನಿಮಿಷ ಉತ್ತರ ಹೇಳಿದೆ. ಆ ಉತ್ತರ ಈಗ ನೆನಪಿಲ್ಲ, ದೇವರು ದೊಡ್ಡವನು.

ಈ ಸಮಾರಂಭಕ್ಕೆ ಕರೆಯಲು ನಿನ್ನೆ ಕೆಂಪಣ್ಣನ ಮನೆಗೆ ಹೋಗಿದ್ದೆ. ಹನ್ನೆರಡು ವರ್ಷದ ಸುಳ್ಳನ್ನು ಜಗಲಿಯ ಮೇಲೆ ಕೂತು ಹೇಳಿಕೊಂಡೆ. ಅವನು ಹಸುವಿಗೆ ಹಿಂಡಿ ಕಲಸುತ್ತಲೇ ಇದ್ದ.

"ಗೊತ್ತು ಬುಡಿ ಮೇಷ್ಟ್ರೇ. ಆ ಕಾಗ್ದದ ನಕಲು ನಮ್ಮನೇಲೇ ಅದೆ. ಪ್ರಮೀಳಾ ಅವತ್ತೇ ಓದಿ ಯೋಳಿದ್ಲು."

ಹಾಗಾದರೆ ಯಾಕೆ ಕೇಳಲಿಲ್ಲ ಎಂದೆ.

"ಇನ್ನೂ ಎರಡು ವರ್ಸ ಅವ್ಳು ನಿಮ್ ಕೈಲೇ ಓದ್ಬೇಕಿತ್ತಲ್ಲ."

ಸಭಿಕರೇ, ಅಪಾಯಕ್ಕೆ ಐದು ಪದ ಕಲಿಸಿದ ನಾನು ನಿನ್ನೆ ಜಗಲಿಯಿಂದಿಳಿದು, ಹಿಂಡಿಯ ಬಕೆಟ್ಟನ್ನು ಹಸುವಿನ ಮುಂದಿಟ್ಟು ಬಂದೆ. ತನ್ನ ಪ್ರಾಣ ಕೊಡಲು ಹೆದರದೆ ಓಡಿ ಬಂದ ಮನುಷ್ಯ ನನಗೆ ಹೆದರಿ ಸುಮ್ಮನಿದ್ದ. ಇದಕ್ಕಿಂತ ನಾಚಿಕೆ ನನಗೆ ಈ ಜನ್ಮದಲ್ಲಿ ಆಗಿಲ್ಲ.

ನಾಗಾರ್ಜುನ ಅವರೇ, ಆವತ್ತು ಕೆಂಪಣ್ಣ ಹೇಳಿದ್ದನ್ನು ಅವನು ಹೇಳಿದ ಹಾಗೆಯೇ ಕನ್ನಡದಲ್ಲಿ ಬರೆದು, ನನ್ನ ತಪ್ಪೆಂದು ಕೆಳಗೆ ಸಹಿ ಹಾಕಿ ತಂದಿದ್ದೇನೆ. ಇಗೋ, ತಾವು ಇದನ್ನು ತೆಗೆದುಕೊಳ್ಳಬೇಕು. ನನ್ನ ಪಿಂಚಣಿಗೆ ಏನಾಗುತ್ತದೋ ಆಗಲಿ. ಊಟಕ್ಕೆ ಮುಂಚೆ ಇದನ್ನು ಕೊಟ್ಟದ್ದಕ್ಕೆ ಮಾತ್ರ ಕ್ಷಮೆಯಿರಲಿ.

ಇಷ್ಟು ಹೊತ್ತು ಸಹಿಸಿಕೊಂಡ ನಿಮಗೆಲ್ಲ ವಂದನೆಗಳು. ಕೆಂಪಣ್ಣ, ನೀನು ಏಳಬೇಡ, ಕಾಲು ನೋಯುತ್ತದೆ. ನಾನೇ ಅಲ್ಲಿಗೆ ಬರುತ್ತೇನೆ. ನಮಸ್ಕಾರ.