ಸರ್ವರಿನ ಸೂಟಿ

ಬಾದಾಮಿ ನಿಲ್ದಾಣದಲ್ಲಿ ಬಸ್ಸಿಗೆ ಕಾಯುತ್ತಿದ್ದ ಶುಭದಾಳಿಗೆ ಹಿಂದಿನ ಬೆಂಚಿನ ಮಾತು ಕೇಳಿಸಿತು. ಒಬ್ಬ ಗುಳೇದಗುಡ್ಡದ ಮಗ್ಗದ ಮಾಲೀಕ ಯುನೂಸ, ಇನ್ನೊಬ್ಬ ಅವನ ಕಂಪ್ಯೂಟರ್ ನೋಡಿಕೊಳ್ಳುವ ಶಿರೀಷ.

“ಸರ್ವರ್ ಕಂಪ್ಯೂಟರ್ ಬಂದ್ ಬೀಳತೈತಂತ ವಿಂಡೋಸ್ ತಗದು ಲಿನಕ್ಸ್ ಹಾಕಿದಿ. ನಿನ್ನೆ ಸರ್ವರ್ ಮತ್ತ ಬಂದ್ ಬಿತ್ತಲ್ಲೋ! ಅಮಾಸಿಗೆ ಅದಕ್ಕೂ ಸೂಟಿ ಬೇಕೇನು?” ಯುನೂಸ ಕೇಳಿದ.

“ಪ್ರತಿ ಸಲ ಅಮಾಸಿಗೇ ಬೀಳತೈತೇನ್ರಿ?”

“ಹೂಂ. ಅವತ್ತು ಮಗ್ಗ ನಡಿಯೂದಿಲ್ಲ. ಅಮ್ಮಾ ಮೇನ್ ಸ್ವಿಚ್ ಆರಿಸಿಬಿಡ್ತಾಳ.”

“ಅಯ್ಯೋ ಯುನೂಸಭಾಯಿ, ಹಂಗಾರ ಕರೆಂಟ ಇಲ್ಲದ ಬಿದ್ದೈತಿ, ವಿಂಡೋಸಿಂದೇನೂ ತಪ್ಪ ಇರಲಿಲ್ಲರಿ!”

ಯುನೂಸ ಬೆಚ್ಚಿದ. “ಹಳೇದನ್ನ ತಿರುಗಿ ಹಾಕು. ಅಬ್ಬಾ ತೀರಿಕೊಳ್ಳೂ ಮುಂಚೆ ಬಿಡಿಸಿದ್ದ ಖಣದ ಬಟ್ಟೀ ಡಿಸೈನ್ ಎಲ್ಲಾ ಅದರಾಗ ಅದಾವ.”

ಶಿರೀಷ ಬಸ್ಸು ಬರುವ ದಾರಿಯ ಕಡೆ ನೋಡಿದ.

“ಅದಾವಲ್ಲೋ?”

“ಹಳೇದೇನೂ ಉಳಿಸಬ್ಯಾಡ ಅಂದಿದ್ರಿ. ಪೂರ್ತಿ ಅಳಿಸೇ ಹೊಸಾದು ಹಾಕೇನ್ರಿ.”

ಗುಳೇದಗುಡ್ಡದ ಬಸ್ಸು ಬಂತು. ಯುನೂಸ ತನ್ನ ಚೀಲ ಬೆಂಚಿನ ಮೇಲೇ ಬಿಟ್ಟು ಹತ್ತಿದ. ಶಿರೀಷ ಅದನ್ನೆತ್ತಿಕೊಂಡು, ಕರೆಯಲಾರದೆ, ಹಿಂದೆ ನಡೆದ.